ಕರಾವಳಿಯಲ್ಲಿ ಮನೆಯ ಬೆಲೆ

ನಮ್ಮ ಶಾಸನಗಳಲ್ಲಿಯೂ ಅಜ್ಜಂದಿರ ಕಾಲದ ಕ್ರಯಪತ್ರಗಳಲ್ಲಿಯೂ ಭೂಮಿಯನ್ನು ಮಾರುವವನು ಅದನ್ನು ‘ಅಷ್ಟಭೋಗ’ಗಳ ಸಹಿತವಾಗಿ ಕೊಳ್ಳುವವನಿಗೆ ಒಪ್ಪಿಸುತ್ತಾನೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬಿವೇ ಆ ಎಂಟು. ಭಾಷೆಯನ್ನು ಓದಿಸಿ ಹೊಟ್ಟೆ ಹೊರೆದ ನನಗೆ ಈ ಪಟ್ಟಿಯಲ್ಲಿ ಬಹುಕಾಲದಿಂದ ಕುತೂಹಲ ಹುಟ್ಟಿಸಿದ ಶಬ್ದ ‘ಆಗಾಮಿ’. ನೆಲದೊಳಗಿನ ನೀರನ್ನೂ ಕಲ್ಲನ್ನೂ ಮಾರುವುದು ತಿಳಿಯುತ್ತದೆ. ಇನ್ನೂ ಬಾರದಿರುವುದನ್ನು ಮಾರುವುದು ಹೇಗೆ? ಆದರೆ ಇಂದು ನಮ್ಮ ಕರಾವಳಿಯ ಪೇಟೆಗಳಲ್ಲಿ ಮನೆ ಮಾರಾಟದ ಮಾತು ಎಲ್ಲಿ ನಡೆದರೂ ಅಲ್ಲಿ ಬೆಲೆ ಕಟ್ಟುತ್ತಿರುವುದು ಬಹುಮಟ್ಟಿಗೆ ಈ ಆಗಾಮಿಗೇ. ಮುಂದೆ ಇಲ್ಲಿ ರಸ್ತೆ ಅಗಲವಾಗುತ್ತದೆಯಂತೆ, ಕಾಲೇಜು ಬರುತ್ತದೆಯಂತೆ, ಕಡಲ ಕಿನಾರೆಗೆ ಪ್ರವಾಸಿಗಳು ಬರುತ್ತಾರಂತೆ ಎಂಬ ಮಾತುಗಳೆಲ್ಲ ಸೇರಿ ಸೆಂಟ್ಸಿಗೆ ಇಷ್ಟು ಲಕ್ಷವೆಂದು ನಿಲ್ಲುತ್ತವೆ.

ಈ ಬೆಲೆ ನಿಜವಾಗಿ ಏರುತ್ತಿದೆಯೇ, ಏರುತ್ತಿದ್ದರೆ ಎಷ್ಟು, ಅದನ್ನು ತಿಳಿಯುವ ದಾರಿ ಯಾವುದು ಎಂಬುದು ಈ ಭಾಷಣದ ವಿಷಯ. ಸಾಹಿತ್ಯದ ಅಧ್ಯಾಪಕನಿಗೆ ಈ ಉಸಾಬರಿ ಏಕೆ ಎಂದು ಕೇಳುಗರಲ್ಲಿ ಕೆಲವರಿಗೆ ಅನಿಸಬಹುದು. ನಿವೃತ್ತನಾದ ಮೇಲೆ ನಮ್ಮ ಓಣಿಯ ಹಳೆಯ ಕ್ರಯಪತ್ರಗಳನ್ನು ಓದುವ ಅಭ್ಯಾಸ ನನಗೆ ಹತ್ತಿತು. ಓಲೆಗರಿಯ ಪ್ರತಿಗಳನ್ನು ಹೋಲಿಸಿ ಪಾಠಾಂತರ ಗುರುತಿಸುವ ಕೆಲಸಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಇಲ್ಲಿಯೂ ಒಂದೇ ವಸ್ತುವಿಗೆ ನಾಲ್ಕಾರು ಪಾಠಗಳಿವೆ.

ಆ ಪಾಠಗಳು ಯಾವುವೆಂದು ಮೊದಲು ನೋಡೋಣ. ಒಂದೇ ಮನೆಗೆ ದಲ್ಲಾಳಿ ಹೇಳುವ ಬೆಲೆಯೊಂದು. ಮಾತುಕತೆ ಮುಗಿದು ಕೈಬದಲಾಗುವ ಬೆಲೆ ಇನ್ನೊಂದು. ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರದೊಳಗೆ ಬರೆಸುವುದು ಮೂರನೆಯದು. ಸರಕಾರ ಪ್ರತಿ ಗ್ರಾಮಕ್ಕೂ ರಸ್ತೆಗೂ ಗೊತ್ತುಪಡಿಸುವ ‘ಮಾರ್ಗಸೂಚಿ ಬೆಲೆ’ ನಾಲ್ಕನೆಯದು. ಸಾಲ ಕೊಡುವ ಬ್ಯಾಂಕಿನ ಮೌಲ್ಯಮಾಪಕರು ಬಂದು ಗೋಡೆ ತಟ್ಟಿ, ಅಳತೆ ಹಿಡಿದು ಬರೆದುಕೊಡುವುದು ಐದನೆಯದು. ಮಾರ್ಗಸೂಚಿ ಬೆಲೆ ಮುದ್ರಾಂಕ ಶುಲ್ಕ ಸೋರಿಹೋಗದಂತೆ ಹಾಕಿದ ಒಡ್ಡು. ಅದಕ್ಕಿಂತ ಕಡಿಮೆ ಬೆಲೆಗೆ ಪತ್ರ ಮಾಡಿಸಿದರೂ ಶುಲ್ಕವನ್ನು ಅದರ ಮೇಲೆಯೇ ಲೆಕ್ಕಹಾಕುತ್ತಾರೆ. ನಮ್ಮ ರಾಜ್ಯದಲ್ಲಿ ಅದನ್ನು ಒಟ್ಟಾರೆಯಾಗಿ ಪರಿಷ್ಕರಿಸಿದ್ದು 2023ರ ಅಕ್ಟೋಬರ್ 1ರಿಂದ. ಅಂದು ಬೆಳಗಾಗುವುದರೊಳಗೆ ಊರ ಮನೆಗಳ ಬೆಲೆ ಏರಿತೆಂದು ಕೆಲವರು ಹಿಗ್ಗಿದರು, ಕೆಲವರು ಕುಗ್ಗಿದರು. ಏರಿದ್ದು ಒಡ್ಡಿನ ಎತ್ತರ. ನೀರಿನ ಮಟ್ಟವನ್ನು ಬೇರೆಯೇ ಅಳೆಯಬೇಕು.

ನೀರಿನ ಮಟ್ಟವನ್ನು ಅಳೆಯುವ ಪ್ರಯತ್ನಗಳು ದೇಶದಲ್ಲಿ ಇಲ್ಲವೆಂದಲ್ಲ. ರಾಷ್ಟ್ರೀಯ ವಸತಿ ಬ್ಯಾಂಕು 2007ರಿಂದ ‘ರೆಸಿಡೆಕ್ಸ್’ ಎಂಬ ಸೂಚ್ಯಂಕವನ್ನು ಹೊರಡಿಸುತ್ತ ಬಂದಿದೆ. ಭಾರತೀಯ ರಿಸರ್ವ್ ಬ್ಯಾಂಕು ನೋಂದಣಿ ಇಲಾಖೆಗಳಿಂದ ಪಡೆದ ಕ್ರಯಪತ್ರಗಳ ವಿವರವನ್ನು ಆಧರಿಸಿ ಮೂರು ತಿಂಗಳಿಗೊಮ್ಮೆ ಮನೆ ಬೆಲೆಯ ಸೂಚ್ಯಂಕವನ್ನು ಪ್ರಕಟಿಸುತ್ತದೆ. ಮೊದಲು ಹತ್ತು ನಗರಗಳಿದ್ದ ಆ ಪಟ್ಟಿಯನ್ನು 2025ರಲ್ಲಿ ಹದಿನೆಂಟಕ್ಕೆ ಹಿಗ್ಗಿಸಿದರು. ಕಡಲ ಬದಿಯ ಮುಂಬಯಿ, ಚೆನ್ನೈ, ಕೊಚ್ಚಿ, ತಿರುವನಂತಪುರಗಳು ಅದರಲ್ಲಿವೆ. ಕರ್ನಾಟಕದಿಂದ ಇರುವುದು ಬೆಂಗಳೂರೊಂದೇ. ಮಂಗಳೂರಿಲ್ಲ, ಉಡುಪಿಯಿಲ್ಲ, ಕಾರವಾರವಿಲ್ಲ. ಕೊಚ್ಚಿಯ ಅಂಕಿಯನ್ನು ತಂದು ಕುಂದಾಪುರಕ್ಕೆ ಅನ್ವಯಿಸುವುದು ಮಲಯಾಳದ ನಿಘಂಟಿನಿಂದ ಕುಂದಗನ್ನಡಕ್ಕೆ ಅರ್ಥ ಹೇಳಿದಂತೆ. ಆದ್ದರಿಂದ ನಮ್ಮ ಊರುಗಳಲ್ಲಿ ಬೆಲೆಯ ಇತಿಹಾಸವನ್ನು ಹೇಳುವ ಕೆಲಸ ಮದುವೆಮನೆಯ ಪಂಕ್ತಿಗೂ ಬಸ್‌ಸ್ಟ್ಯಾಂಡಿನ ಹೋಟೆಲಿಗೂ ಬಿದ್ದಿದೆ.

ಅಲ್ಲಿ ಆಗುವ ಮೊದಲ ತೊಡಕು ಅಳತೆಯದು. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ನೆಲವನ್ನು ಸೆಂಟ್ಸಿನಲ್ಲಿ ಹೇಳುತ್ತೇವೆ; ಹೊನ್ನಾವರ, ಕುಮಟೆ, ಅಂಕೋಲೆಗಳಲ್ಲಿ ಗುಂಟೆಯಲ್ಲಿ. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿ, ದಕ್ಷಿಣವನ್ನು ಮದರಾಸಿನಲ್ಲೇ ಉಳಿಸಿಕೊಂಡ ಆಡಳಿತದ ಗೆರೆ ಇಂದಿಗೂ ನಮ್ಮ ನಾಲಗೆಯ ಮೇಲಿದೆ. ಎಕರೆಗೆ ನೂರು ಸೆಂಟ್ಸ್, ನಲವತ್ತು ಗುಂಟೆ. ಎಂದರೆ ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ಕುಮಟೆಯ ಬೀಗರು ಗುಂಟೆಗೆ ಹತ್ತು ಲಕ್ಷವೆಂದು ಹೇಳಿ, ಸುರತ್ಕಲ್ಲಿನವರು ಸೆಂಟ್ಸಿಗೆ ಐದು ಲಕ್ಷವೆಂದರೆ, ಕಿವಿಗೆ ದೊಡ್ಡದಾಗಿ ಕೇಳುವುದು ಕುಮಟೆಯ ಮಾತು. ಲೆಕ್ಕ ಹಾಕಿದರೆ ಅಲ್ಲಿ ಸೆಂಟ್ಸಿಗೆ ನಾಲ್ಕೇ ಲಕ್ಷ.

ಅಳತೆ ಸರಿಹೋದ ಮೇಲೂ ಹಕ್ಕಿನ ಭೇದ ಉಳಿಯುತ್ತದೆ. ವರ್ಗದ ಜಾಗ ಬೇರೆ, ಮೂಲಗೇಣಿಯ ಜಾಗ ಬೇರೆ. ಮಂಗಳೂರು ಪೇಟೆಯ ನಡುವೆಯೇ ಮೂಲಗೇಣಿಯ ಎಷ್ಟೋ ಮನೆಗಳಿವೆ. ಅಲ್ಲಿ ಮನೆ ಕಟ್ಟಿ ತಲೆಮಾರುಗಳಿಂದ ವಾಸಿಸುವವರು ಒಬ್ಬರು, ನೆಲದ ಮೂಲ ಒಡೆಯರು ಇನ್ನೊಬ್ಬರು. ಕೊಳ್ಳುವವರು ಹಿಂದೆಗೆಯುತ್ತಾರೆ, ಬೆಲೆ ತಗ್ಗುತ್ತದೆ. ವರ್ಗದ ಜಾಗದ ಜೊತೆಗೆ ಕುಮ್ಕಿಯನ್ನೂ ಸೇರಿಸಿ ತೋರಿಸುವ ಚಮತ್ಕಾರವುಂಟು. ಕುಮ್ಕಿಯಲ್ಲಿ ಸೊಪ್ಪು ಕಡಿಯುವ, ದನ ಮೇಯಿಸುವ ಅನುಭೋಗವಿದೆಯೇ ವಿನಾ ಅದರ ಒಡೆತನ ಸರಕಾರದ್ದು. ಇನ್ನು ಭೂಪರಿವರ್ತನೆ ಆಗಿದೆಯೋ ಇಲ್ಲವೋ, ಪಂಚಾಯತಿನ ‘ನೈನ್ ಇಲೆವೆನ್’ ಕೈಯಲ್ಲಿದೆಯೋ ಇಲ್ಲವೋ ಎಂಬುದರ ಮೇಲೆಯೂ ಅಕ್ಕಪಕ್ಕದ ಎರಡು ಹಿತ್ತಿಲುಗಳ ಬೆಲೆಯಲ್ಲಿ ಅಜಗಜಾಂತರ ಬೀಳುತ್ತದೆ. ಇಂಥ ಎರಡನ್ನು ಹೋಲಿಸಿ ‘ಒಂದೇ ವರ್ಷದಲ್ಲಿ ಬೆಲೆ ಇಮ್ಮಡಿಯಾಯಿತು’ ಎನ್ನುವವರು ವಾಸ್ತವವಾಗಿ ಬೆಲೆಯ ಏರಿಕೆಯನ್ನು ಕಂಡಿಲ್ಲ. ಎರಡು ಬಗೆಯ ಹಕ್ಕುಗಳನ್ನು ಕಂಡಿದ್ದಾರೆ.

ಬೆಲೆಯ ಏರಿಳಿತ ದೀರ್ಘಕಾಲದಲ್ಲಿ ಎಂಥ ತಲೆಕೆಳಗು ಮಾಡಬಲ್ಲುದೆಂಬುದಕ್ಕೆ ನಮ್ಮ ಸ್ಥಳನಾಮಗಳೇ ಸಾಕ್ಷಿ. ದಕ್ಷಿಣ ಕನ್ನಡದ ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಎಂಬ ಮೂರು ತರಗತಿಗಳು. ನೀರು ನಿಲ್ಲುವ, ಎರಡು ಮೂರು ಬೆಳೆ ಕೊಡುವ ಬೈಲಿಗೆ ಹೆಚ್ಚು ಬೆಲೆ; ಮಳೆಯನ್ನೇ ನಂಬಿ ಒಂದು ಬೆಳೆ ಬೆಳೆಯುವ ಎತ್ತರದ ಬೆಟ್ಟುಗದ್ದೆಗೆ ಕಡಿಮೆ; ಅದಕ್ಕೂ ಮೇಲಿನ ಮುರಕಲ್ಲಿನ ಪದವಿಗೆ ಬೆಲೆಯೆಂಬುದೇ ಇರಲಿಲ್ಲ. ಅಂಥ ಬೋಳುಗುಡ್ಡದ ಮೇಲೆ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಮಣಿಪಾಲದ ಕಥೆ ಎಲ್ಲರಿಗೂ ತಿಳಿದದ್ದೇ. ಉಡುಪಿಯಿಂದ ಮಣಿಪಾಲಕ್ಕೆ ಏರುವ ದಾರಿಯಲ್ಲಿ ಕುಂಜಿಬೆಟ್ಟು ಇದೆ. ಹೆಸರಿನಲ್ಲಿ ಬೆಟ್ಟು ಉಳಿದಿದೆ, ಬೆಲೆಯಲ್ಲಿ ಉಳಿದಿಲ್ಲ. ಮಂಗಳೂರಿನ ಕೊಡಿಯಾಲಬೈಲಿನಲ್ಲಿ ಬಹುಮಹಡಿ ಕಟ್ಟಡಗಳು ನಿಂತಿವೆ. ಇತ್ತ ಹಳ್ಳಿಗಳ ನಿಜವಾದ ಬೈಲುಗದ್ದೆಗಳು ಪರಿವರ್ತನೆಗೆ ಸುಲಭವಾಗಿ ಒದಗದೆ, ಮಳೆಗಾಲದ ನೆರೆಗೆ ಒಳಗಾಗಿ, ಕೊಳ್ಳುವವರಿಲ್ಲದೆ ಹಡಿಲು ಬಿದ್ದಿವೆ. ಅನ್ನ ಕೊಡುವ ನೆಲ ಅಗ್ಗವಾಗಿ ಗೋಡೆ ಹೊರುವ ನೆಲ ತುಟ್ಟಿಯಾದ ಈ ವಿಪರ್ಯಾಸ ನಡೆದದ್ದು ಒಂದು ಆಯುಷ್ಯದೊಳಗೆ. ಹಳೆಯ ಪತ್ರಗಳಲ್ಲಿ ಇದರ ಇನ್ನೊಂದು ಗುರುತು ಸಿಗುತ್ತದೆ. ಹಿಂದಿನ ಬರಹಗಾರರು ಬಾವಿ, ತೆಂಗಿನ ಮರಗಳ ಲೆಕ್ಕ, ಹಲಸು, ಹೆಂಚಿನ ಮಾಡು, ಮರದ ಚಾವಡಿ ಎಲ್ಲವನ್ನೂ ಒಂದೊಂದಾಗಿ ಎಣಿಸಿ ಬರೆಯುತ್ತಿದ್ದರು. ಈಚಿನ ಪತ್ರಗಳಲ್ಲಿ ಅದೇ ಮನೆ ‘ಹಳೆಯ ಕಟ್ಟಡ ಸಹಿತ’ ಎಂಬ ಮೂರು ಮಾತಿಗೆ ಇಳಿದಿದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಳಿಕ ನಮ್ಮ ಕರಾವಳಿಗೆ ಮುಖಚಹರೆಯನ್ನೇ ಕೊಟ್ಟ ಆ ಕೆಂಪು ಮಾಡುಗಳಿಗೆ ಇಂದು ಬೆಲೆ ಶೂನ್ಯ. ಕೆಡವುವ ಖರ್ಚನ್ನು ಬೇಕಾದರೆ ಅದರಿಂದ ಕಳೆಯುತ್ತಾರೆ.

ಇನ್ನು ಲೆಕ್ಕದ ಕ್ರಮಕ್ಕೆ ಬರೋಣ. ಹಾಲೆಂಡಿನ ಆಮ್‌ಸ್ಟರ್‌ಡ್ಯಾಂ ಒಂದು ಬಂದರು ನಗರ. ಅಲ್ಲಿ ಹೆರೆನ್‌ಗ್ರಾಕ್ಟ್ ಎಂಬ ಕಾಲುವೆಯ ದಂಡೆಯ ಮನೆಗಳು ಹದಿನೇಳನೆಯ ಶತಮಾನದಿಂದ ಇಂದಿನವರೆಗೆ ಬಹುಮಟ್ಟಿಗೆ ಹಾಗೆಯೇ ನಿಂತಿವೆ. ಅವುಗಳ ಮಾರಾಟದ ದಾಖಲೆಗಳೂ ಉಳಿದಿವೆ. ಪೀಟ್ ಐಕ್‌ಹೋಲ್ಟ್ಸ್ ಎಂಬ ವಿದ್ವಾಂಸರು 1628ರಿಂದ 1973ರವರೆಗಿನ ಆ ದಾಖಲೆಗಳನ್ನು ಹಿಡಿದು, ಅದೇ ಮನೆ ಮತ್ತೆ ಮಾರಾಟವಾದಾಗ ಬೆಲೆ ಎಷ್ಟು ಬದಲಾಗಿದೆ ಎಂದು ಲೆಕ್ಕ ಹಾಕಿದರು. ಹಣದ ಮೌಲ್ಯ ಕುಸಿದದ್ದನ್ನು ಕಳೆದು ನೋಡಿದರೆ, ಸುಮಾರು ಮುನ್ನೂರೈವತ್ತು ವರ್ಷಗಳಲ್ಲಿ ಮನೆಗಳ ಬೆಲೆ ಸರಿಸುಮಾರು ಇಮ್ಮಡಿಯಾಗಿತ್ತು, ಅಷ್ಟೆ. ನಡುನಡುವೆ ದೊಡ್ಡ ಉಬ್ಬರಗಳೂ ಇಳಿತಗಳೂ ಬಂದುಹೋಗಿದ್ದವು. ಈ ಸಂಗತಿಯನ್ನು ನಾನು ಹೇಳಿದಾಗಲೆಲ್ಲ ನಮ್ಮ ಊರಿನ ಗೆಳೆಯರು ನಂಬುವುದಿಲ್ಲ. ನಂಬಬೇಕಾದರೆ ಕೈಯಲ್ಲಿರುವ ಸೈಟನ್ನು ಕುರಿತು ಬೇರೆ ರೀತಿ ಯೋಚಿಸಬೇಕಾಗುತ್ತದೆ.

ಐಕ್‌ಹೋಲ್ಟ್ಸರ ಕ್ರಮದಲ್ಲಿ ನಮಗೆ ಬೇಕಾದ ಮುಖ್ಯ ಅಂಶವೆಂದರೆ, ಒಂದು ಮನೆಯನ್ನು ಅದೇ ಮನೆಯೊಡನೆ ಹೋಲಿಸುವುದು. ಇದು ನಮ್ಮಲ್ಲಿಯೂ ಸಾಧ್ಯ. 1908ರ ನೋಂದಣಿ ಕಾಯಿದೆಯ 57ನೆಯ ಕಲಮಿನ ಪ್ರಕಾರ, ಸ್ಥಿರಾಸ್ತಿಯ ಪತ್ರಗಳು ದಾಖಲಾಗುವ ಒಂದನೆಯ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ತೆತ್ತ ಯಾರೇ ಆಗಲಿ ನೋಡಬಹುದು, ದೃಢೀಕೃತ ನಕಲು ಪಡೆಯಬಹುದು. ಋಣಭಾರ ಪತ್ರವನ್ನು, ನಮ್ಮವರು ‘ಇಸಿ’ ಎನ್ನುವುದನ್ನು, ತೆಗೆಸಿದರೆ ಒಂದು ಸರ್ವೆ ನಂಬರಿನ ಜಾಗ ಯಾವ ವರ್ಷ ಯಾರಿಂದ ಯಾರಿಗೆ ಎಷ್ಟಕ್ಕೆ ಹೋಯಿತೆಂದು ಸಾಲಾಗಿ ಬರುತ್ತದೆ. ಒಂದು ವಾರ್ಡನ್ನೋ ಒಂದು ಓಣಿಯನ್ನೋ ಆರಿಸಿಕೊಂಡು, ಎರಡು ಮೂರು ಬಾರಿ ಮಾರಾಟವಾದ ಮನೆಗಳನ್ನು ಮಾತ್ರ ಬರೆದಿಟ್ಟುಕೊಂಡರೆ ಸಾಕು. ನಡುವೆ ಯಾರಾದರೂ ಮಹಡಿ ಎತ್ತಿಸಿದ್ದರೆ ಆ ಮನೆಯನ್ನು ಬಿಡಬೇಕು. ಅಣ್ಣತಮ್ಮಂದಿರ ನಡುವಣ ಪತ್ರಗಳನ್ನೂ ಬಿಡಬೇಕು. ಅಲ್ಲಿ ಬೆಲೆಗಿಂತ ದಾಕ್ಷಿಣ್ಯ ಹೆಚ್ಚು.

ಬೇರೆ ಬೇರೆ ಮನೆಗಳನ್ನೇ ಹಿಡಿಯುವುದಾದರೆ ಸರಾಸರಿಯನ್ನು ನಂಬಬಾರದು. ಒಂದು ವಾರ್ಡಿನಲ್ಲಿ ಒಂದು ವರ್ಷ ಐದು ಮನೆಗಳು ಕ್ರಮವಾಗಿ 30, 32, 35, 40, 45 ಲಕ್ಷಕ್ಕೆ ಹೋದವೆಂದು ಇಟ್ಟುಕೊಳ್ಳಿ. ಸರಾಸರಿ 36 ಲಕ್ಷ 40 ಸಾವಿರ. ಮರುವರ್ಷ ಮೊದಲ ನಾಲ್ಕು ಬೆಲೆಗಳು ಹಾಗೆಯೇ ಇದ್ದು, ಐದನೆಯದಾಗಿ ಕಡಲಿಗೆ ಮುಖವಾದ 90 ಲಕ್ಷದ ಬಂಗಲೆಯೊಂದು ಮಾರಾಟವಾಯಿತು. ಸರಾಸರಿ 45 ಲಕ್ಷ 40 ಸಾವಿರಕ್ಕೆ ಜಿಗಿಯುತ್ತದೆ. ನೂರಕ್ಕೆ ಇಪ್ಪತ್ತೈದು ಏರಿತೆಂದು ಸುದ್ದಿಯಾಗುತ್ತದೆ. ಬೆಲೆಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಣದನ್ನು ನೋಡಿದರೆ ಎರಡು ವರ್ಷವೂ 35 ಲಕ್ಷವೇ. ಚಿಕ್ಕ ಊರುಗಳಲ್ಲಿ ವರ್ಷಕ್ಕೆ ಆಗುವ ಮಾರಾಟಗಳೇ ಬೆರಳೆಣಿಕೆಯಷ್ಟಾದ್ದರಿಂದ ಒಬ್ಬ ಸಿರಿವಂತ ಬಂದು ಹೋದರೂ ಸರಾಸರಿ ದಾರಿತಪ್ಪುತ್ತದೆ.

ಹಣದ ಮೌಲ್ಯದ ಕುಸಿತವನ್ನು ಕಳೆಯುವುದಕ್ಕೂ ಸುಲಭದ ಸಾಧನವೊಂದಿದೆ. ಆದಾಯ ತೆರಿಗೆಯವರ ‘ವೆಚ್ಚ ಹಣದುಬ್ಬರ ಸೂಚ್ಯಂಕ’ 2001–02ಕ್ಕೆ 100 ಇದ್ದದ್ದು 2024–25ಕ್ಕೆ 363. ಅಂದು ಹತ್ತು ಲಕ್ಷಕ್ಕೆ ಕೊಂಡ ಮನೆ 2024–25ರಲ್ಲಿ ನಲವತ್ತು ಲಕ್ಷಕ್ಕೆ ಹೋದರೆ ನಾಲ್ಕು ಪಟ್ಟಾಯಿತೆಂದು ಸಿಹಿ ಹಂಚುತ್ತೇವೆ. ಅದರಲ್ಲಿ ಮೂವತ್ತಾರು ಲಕ್ಷ ಮೂವತ್ತು ಸಾವಿರ ಅಂದಿನ ಹತ್ತು ಲಕ್ಷವೇ, ಬೇರೆ ವೇಷದಲ್ಲಿ. ಈ ಸೂಚ್ಯಂಕ ಬೆಲೆಯೇರಿಕೆಯ ಮುಕ್ಕಾಲು ಭಾಗವನ್ನಷ್ಟೇ ಗಣಿಸುವುದರಿಂದ ಉಳಿದ ಲಾಭವೂ ಕಣ್ಣಿಗೆ ಕಾಣುವಷ್ಟು ಗಟ್ಟಿಯಲ್ಲ. ಬಾಡಿಗೆಯನ್ನೂ ಜೊತೆಗಿಟ್ಟು ನೋಡುವುದು ಒಳ್ಳೆಯದು. ತಿಂಗಳಿಗೆ ಹತ್ತು ಸಾವಿರ ಬಾಡಿಗೆ ಬರುವ ಮನೆಗೆ ಅರುವತ್ತು ಲಕ್ಷ ಕೇಳಿದರೆ ಐವತ್ತು ವರ್ಷಗಳ ಬಾಡಿಗೆಯನ್ನು ಒಮ್ಮೆಗೇ ಕೇಳಿದಂತಾಯಿತು. ಬಾಡಿಗೆಯನ್ನು ಕೊಡುವವನು ಈ ಊರಿನ ಸಂಬಳದಿಂದ ಕೊಡುತ್ತಾನೆ. ಬೆಲೆಯನ್ನು ಕೊಡುವವನು ಮುಂಬಯಿಯ ಹೋಟೆಲಿನ, ಕೊಲ್ಲಿಯ, ಬೆಂಗಳೂರಿನ ಗಳಿಕೆಯಿಂದ ಕೊಡುತ್ತಾನೆ. ಇವೆರಡರ ನಡುವಣ ಅಂತರವೇ ಮೊದಲು ಹೇಳಿದ ಆಗಾಮಿ.

ಇಷ್ಟೆಲ್ಲ ಎಚ್ಚರಿಕೆ ವಹಿಸಿದರೂ ಒಂದು ದೋಷ ಉಳಿಯುತ್ತದೆ. ಅದು ಮೂಲಪಾಠದ್ದೇ ದೋಷ. ಶುಲ್ಕ ಉಳಿಸಲೆಂದು ಪತ್ರದಲ್ಲಿ ಕಡಿಮೆ ಬೆಲೆ ಬರೆಸುವುದು ನಮ್ಮಲ್ಲಿ ಬಹುಕಾಲ ಪಾಪವೆನಿಸಿರಲಿಲ್ಲ. 2015ರ ಜೂನ್ 1ರಿಂದ ಸ್ಥಿರಾಸ್ತಿಯ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯುವುದನ್ನು ನಿರ್ಬಂಧಿಸಿದ್ದರಿಂದಲೂ, ಬ್ಯಾಂಕ್ ಸಾಲದ ಮೇಲೆ ಕೊಳ್ಳುವವರು ಹೆಚ್ಚಿದ್ದರಿಂದಲೂ ಇದು ಇಳಿಮುಖವಾಗಿದೆ; ನಿಂತಿಲ್ಲ. ಶುಲ್ಕ ಉಳಿಸಿಕೊಂಡವನು ಸರಕಾರಕ್ಕೆ ಮಾತ್ರ ನಷ್ಟ ಮಾಡಿದೆನೆಂದು ತಿಳಿದಿರುತ್ತಾನೆ. ಅವನ ಆ ಒಂದು ಸಾಲು ಯಾರ ಯಾರ ಬಾಳಿನಲ್ಲಿ ಸಾಕ್ಷಿ ಹೇಳುತ್ತದೆಂಬುದನ್ನು ನೋಡಬೇಕು.

ಹಿಂದೆ ನನ್ನ ತರಗತಿಯಲ್ಲಿ ಓದಿದ ಹೆಣ್ಣುಮಗಳೊಬ್ಬಳು ಕೆಲವು ವರ್ಷಗಳ ಕೆಳಗೆ ಒಂದು ಕಡತ ಹಿಡಿದು ಬಂದಳು. “ಸರ್, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡು ಅಂತ ಅಣ್ಣಂದಿರು ಹೇಳ್ತಾ ಇದ್ದಾರೆ. ಮಾರ್ಗಸೂಚಿ ಬೆಲೆಯಲ್ಲಿ ನನ್ನ ಪಾಲು ಲೆಕ್ಕ ಹಾಕಿದ್ದಾರೆ. ಇದು ಸರಿಯಾ?” ಎಂದಳು. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯ ಬಳಿಕ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲೆಂಬುದು ಈಗ ಎಲ್ಲರ ಬಾಯಲ್ಲೂ ಇದೆ. ಎಷ್ಟನೆಯ ಒಂದು ಪಾಲೆಂಬುದರಲ್ಲಿ ಅಲ್ಲಿಯೂ ಜಗಳವಿರಲಿಲ್ಲ; ಯಾವ ಮೊತ್ತದ ಪಾಲೆಂಬುದೇ ಪ್ರಶ್ನೆ. ಅವಳ ಅಣ್ಣಂದಿರು ಕೆಟ್ಟವರೂ ಅಲ್ಲ. ಪಕ್ಕದ ಎರಡು ಮನೆಗಳ ಪತ್ರಗಳನ್ನು ಮುಂದಿಟ್ಟು, ಇಲ್ಲಿ ಹೋಗಿರುವ ಬೆಲೆಯೇ ಇದು ಎಂದು ತೋರಿಸುತ್ತಿದ್ದರು. ಆ ಪತ್ರಗಳಲ್ಲಿ ನಿಜಬೆಲೆ ಬರೆದಿಲ್ಲವೆಂದು ಓಣಿಗೆಲ್ಲ ಗೊತ್ತಿತ್ತು. ಓಣಿಯ ಮಾತಿಗೆ ಮುದ್ರೆಯಿಲ್ಲ. ಕೊನೆಗೆ ಅವಳು ಬ್ಯಾಂಕುಗಳಿಗೆ ಮೌಲ್ಯಮಾಪನ ಮಾಡುವವರೊಬ್ಬರಿಂದ ವರದಿ ಬರೆಸಿ, ಅದರ ಆಧಾರದ ಮೇಲೆ ಮಾತಾಡಿದಳು. ಪೂರ್ತಿ ಸಿಗಲಿಲ್ಲ, ಮೊದಲು ಹೇಳಿದ್ದಕ್ಕಿಂತ ಹೆಚ್ಚು ಸಿಕ್ಕಿತು.

ಭೂಸ್ವಾಧೀನದಲ್ಲಿ ಇದೇ ಮಾತು ಇನ್ನೂ ಕಠಿಣವಾಗುತ್ತದೆ. 2013ರ ಭೂಸ್ವಾಧೀನ ಕಾಯಿದೆಯ 26ನೆಯ ಕಲಮಿನಲ್ಲಿ ಮಾರುಕಟ್ಟೆ ಬೆಲೆಯನ್ನು ಕಂಡುಹಿಡಿಯುವ ಕ್ರಮವಿದೆ. ಆ ಗ್ರಾಮದ ಅಥವಾ ನೆರೆಯ ಪ್ರದೇಶದ ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳನ್ನು ತೆಗೆದು, ಹೆಚ್ಚಿನ ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿ ಹಾಕಬೇಕು. ಅದು ಹೆಚ್ಚೋ ಮಾರ್ಗಸೂಚಿ ಬೆಲೆ ಹೆಚ್ಚೋ ನೋಡಿ ಹೆಚ್ಚಿನದನ್ನು ಹಿಡಿಯಬೇಕು. ತಲಪಾಡಿಯಿಂದ ಗೋವೆಯ ಗಡಿಯವರೆಗೆ ರಾಷ್ಟ್ರೀಯ ಹೆದ್ದಾರಿ 66ನ್ನು ಅಗಲಿಸಿದಾಗ ಅಂಗಳ ಕಳೆದುಕೊಂಡವರು, ಮನೆಯ ಮುಂಗಡೆಯನ್ನೇ ಕಳೆದುಕೊಂಡವರು ನಮ್ಮಲ್ಲಿ ಎಷ್ಟೋ ಮಂದಿ. ಪರಿಹಾರದ ಲೆಕ್ಕಕ್ಕೆ ಕೂತ ಅಧಿಕಾರಿ ನೋಡುವುದು ನೋಂದಾದ ಕಾಗದವನ್ನು. ನೆರೆಯವನು ಎಂದೋ ಉಳಿಸಿದ ನಾಲ್ಕು ಕಾಸು, ತನ್ನ ಜಾಗವನ್ನು ಎಂದೂ ಮಾರಲು ಬಯಸದ ಮುದುಕಿಯ ಪರಿಹಾರದಿಂದ ಕಳೆದುಹೋಗುತ್ತದೆ. ಕಾರವಾರದ ಬಳಿ ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟುಕೊಟ್ಟವರು ಪರಿಹಾರದ ದರಕ್ಕಾಗಿ ದಶಕಗಳ ಕಾಲ ನ್ಯಾಯಾಲಯಗಳಿಗೆ ಅಲೆದದ್ದನ್ನು ನೆನೆದರೆ, ಪತ್ರದ ಒಂದು ಅಂಕಿಗೆ ಎಷ್ಟು ತೂಕವಿದೆಯೆಂದು ತಿಳಿಯುತ್ತದೆ.

ಕಡಲಿಗೆ ತೀರ ಹತ್ತಿರದ ಮನೆಗಳ ಮಾತು ಉಳಿದಿದೆ. 1991ರ ಫೆಬ್ರವರಿ 19ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬರುವವರೆಗೆ ಸಮುದ್ರದ ದಂಡೆಯ ಮರಳುಪಟ್ಟಿಯನ್ನು ಮೀನುಗಾರರ ಹೊರತು ಬೇರೆಯವರು ಮನೆಗಾಗಿ ಬಯಸಿದ್ದು ಅಪರೂಪ. ಉಬ್ಬರದ ಗೆರೆಯಿಂದ ಐನೂರು ಮೀಟರು ನಿಯಂತ್ರಣಕ್ಕೆ ಒಳಪಟ್ಟಿತು. ಹಳ್ಳಿಗಾಡಿನಲ್ಲಿ ಮೊದಲ ಇನ್ನೂರು ಮೀಟರಿನೊಳಗೆ ಹೊಸ ಕಟ್ಟಡ ಕೂಡದೆಂದಾಯಿತು. 2011ರಲ್ಲಿ ಹೊಸ ಅಧಿಸೂಚನೆ, 2019ರಲ್ಲಿ ಇನ್ನೊಂದು. ಈ ಕೊನೆಯದರಲ್ಲಿ, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161 ಮಂದಿಗಿಂತ ದಟ್ಟವಾದ ಗ್ರಾಮಗಳಿಗೆ ಇನ್ನೂರು ಮೀಟರು ಐವತ್ತಕ್ಕೆ ಇಳಿಯಿತು. ಒಂದು ಗೆರೆ ಸರಿದಾಗ ಅದರ ಎರಡು ಬದಿಯ ಬೆಲೆಗಳೂ ಸರಿಯುತ್ತವೆ. ಪಡುಬಿದ್ರಿ, ಕಾಸರಕೋಡು ಕಿನಾರೆಗಳಿಗೆ 2020ರಲ್ಲಿ ‘ನೀಲಿ ಬಾವುಟ’ದ ಮನ್ನಣೆ ದೊರೆತಂಥ ಸಂಗತಿಗಳೂ ದಲ್ಲಾಳಿಗಳ ಮಾತಿಗೆ ಒಗ್ಗರಣೆಯಾಗುತ್ತವೆ. ಆದ್ದರಿಂದ ಕಡಲಬದಿಯ ಮನೆಯ ಬೆಲೆಯನ್ನು ಬರೆದಿಡುವವರು ಉಬ್ಬರದ ಗೆರೆಯಿಂದ ಇರುವ ದೂರವನ್ನೂ, ಅದು ಯಾವ ಅಧಿಸೂಚನೆಯ ಕಾಲದ ಮಾರಾಟವೆಂಬುದನ್ನೂ ಪಕ್ಕದಲ್ಲಿ ಬರೆಯಬೇಕು. ಹೊಳೆಯ ಅಳಿವೆಗಳ ದಂಡೆಗೂ ಈ ನಿಯಮ ಒಳಹೊಕ್ಕಿರುವುದರಿಂದ ಸಮುದ್ರ ಕಾಣದ ಮನೆಗಳೂ ಇದರಲ್ಲಿ ಸೇರುತ್ತವೆ.

ಉಳ್ಳಾಲದಲ್ಲಿ, ಮರವಂತೆಯಲ್ಲಿ ಮಳೆಗಾಲದ ಕಡಲು ದಂಡೆಯನ್ನು ಕೊರೆಯುವುದನ್ನು ಕಂಡವರು ಇದನ್ನೂ ಗಮನಿಸಿರಬಹುದು: ಬಂಡೆಗಲ್ಲುಗಳ ತಡೆಗೋಡೆಯ ಹಿಂದೆ ಬಿರುಕುಬಿಟ್ಟು ನಿಂತ ಮನೆಗಳು ಯಾವ ಸೂಚ್ಯಂಕದಲ್ಲೂ ಬರುವುದಿಲ್ಲ. ಬೆಲೆಯ ಲೆಕ್ಕಕ್ಕೆ ಮಾರಾಟವಾಗಬೇಕು, ಅವನ್ನು ಕೊಳ್ಳುವವರಿಲ್ಲ. ಅದೇ ಗ್ರಾಮದಲ್ಲಿ ನಾನೂರು ಮೀಟರು ಒಳಗಿನ ಎರಡು ಮನೆಗಳು ಒಳ್ಳೆಯ ಬೆಲೆಗೆ ಹೋದರೆ, ಕಾಗದದ ಮೇಲೆ ಇಡೀ ಗ್ರಾಮದ ಬೆಲೆ ಏರಿದಂತೆ ಕಾಣುತ್ತದೆ. ನನ್ನ ಪುಸ್ತಕದಲ್ಲಿ ಇಂಥ ಮನೆಗಳಿಗೆಂದು ಬೇರೆ ಹಾಳೆಗಳನ್ನು ಇಟ್ಟಿದ್ದೇನೆ. ಮನೆಯ ಗುರುತು, ಕಡಲಿಂದ ದೂರ, ಕೊನೆಯ ಬಾರಿ ಪತ್ರವಾದ ವರ್ಷ, ಆಮೇಲೆ ಕೇಳಲು ಬಂದವರೆಷ್ಟು ಎಂಬ ನಾಲ್ಕು ಅಂಕಣಗಳು. ಐದನೆಯ ಅಂಕಣಕ್ಕೆ ‘ಬೆಲೆ’ ಎಂದು ತಲೆಬರಹ ಬರೆದಿದ್ದೇನೆ. ಅದರ ಕೆಳಗೆ ಹಲವು ಪುಟ ಖಾಲಿಯಿದೆ.